ತಲೆಮರೆಸಿಕೊಂಡವರೂ ದೂರದರ್ಶನವೂ

ಅಳ್ನಾವರದ ನಿವಾಸಿಯೊಬ್ಬನು ನ್ಯಾಯಾಲಯದ ವಾರಂಟಿಗೆ ಸಿಕ್ಕದೆ ತಲೆಮರೆಸಿಕೊಂಡನೆಂದು ಇಟ್ಟುಕೊಳ್ಳಿ. ಧಾರವಾಡ, ಲೋಂಡಾ, ದಾಂಡೇಲಿಗಳ ಕಡೆಗೆ ರೈಲುಹಳಿಗಳು ಕವಲೊಡೆಯುವ ಊರು ಅದು; ಓಡುವವನಿಗೆ ದಾರಿಗಳ ಕೊರತೆಯಿಲ್ಲ. ಆಗ ನ್ಯಾಯಾಲಯವು 30 ದಿನಗಳಿಗೆ ಕಡಿಮೆಯಿಲ್ಲದ ಗಡುವನ್ನಿತ್ತು, ಹಾಜರಾಗಬೇಕೆಂದು ಉದ್ಘೋಷಣೆಯನ್ನು ಹೊರಡಿಸಬಹುದು. ಅದನ್ನು ಊರಿನ ಎದ್ದುಕಾಣುವ ಸ್ಥಳದಲ್ಲಿ ಎಲ್ಲರೂ ಕೇಳುವಂತೆ ಓದಬೇಕು. ಅವನ ಮನೆಗೂ ನ್ಯಾಯಾಲಯದ ಕಟ್ಟಡಕ್ಕೂ ಅಂಟಿಸಬೇಕು. ಡಂಗುರವನ್ನು ನೆನಪಿಗೆ ತರುವ ಈ ಕ್ರಮಕ್ಕೆ ಒಂದು ಮಿತಿಯುಂಟು. ಅವನನ್ನು ಬಲ್ಲ ಊರಿನಲ್ಲಿ ಅವನಿರುವುದಿಲ್ಲ. ಅವನಿರುವ ಊರಿನಲ್ಲಿ ಅವನನ್ನು ಬಲ್ಲವರಿರುವುದಿಲ್ಲ.

ಈ ಕೊರತೆಯನ್ನು ನೀಗಲು ಪಶ್ಚಿಮ ಜರ್ಮನಿಯಲ್ಲಿ ಎಡುವರ್ಡ್ ಜಿಮ್ಮರ್‌ಮನ್ ಎಂಬವರು 1967ರಲ್ಲಿ ದೂರದರ್ಶನದ ನೆರವು ಪಡೆದರು. ಬ್ರಿಟನ್ನಿನಲ್ಲಿ 1984ರಲ್ಲಿ 'ಕ್ರೈಮ್‌ವಾಚ್' ಬಂದಿತು. ಎಲ್ಲಕ್ಕಿಂತ ಹೆಸರಾದುದು 1988ರ ಫೆಬ್ರವರಿ 7ರಂದು ಆರಂಭವಾದ 'ಅಮೆರಿಕಾಸ್ ಮೋಸ್ಟ್ ವಾಂಟೆಡ್'. ಅದನ್ನು ನಡೆಸಿಕೊಟ್ಟ ಜಾನ್ ವಾಲ್ಷ್ ಅವರ ಆರು ವರ್ಷದ ಮಗ ಆಡಮ್‌ನನ್ನು 1981ರಲ್ಲಿ ಅಪಹರಿಸಿ ಕೊಂದಿದ್ದರು. ಅವರ ಕಳಕಳಿ ನಟನೆಯದಾಗಿರಲಿಲ್ಲ. ಮೊದಲ ಕಂತಿನಲ್ಲಿ ತೋರಿಸಿದ ಸೆರೆಮನೆಯಿಂದ ತಪ್ಪಿಸಿಕೊಂಡವನು ನಾಲ್ಕೇ ದಿನಗಳಲ್ಲಿ ಸಿಕ್ಕಿಬಿದ್ದನು.

ಜಾನ್ ಲಿಸ್ಟ್ ಎಂಬವನ ಪ್ರಕರಣ ಅಷ್ಟು ಸುಲಭವಾಗಿರಲಿಲ್ಲ. ಅವನು 1971ರಲ್ಲಿ ತನ್ನ ತಾಯಿ, ಹೆಂಡತಿ ಹಾಗೂ ಮೂವರು ಮಕ್ಕಳನ್ನು ಕೊಂದು ಕಣ್ಮರೆಯಾಗಿದ್ದನು. ಹದಿನೇಳು ವರ್ಷಗಳ ಮೇಲೆ ಹಳೆಯ ಭಾವಚಿತ್ರದಿಂದ ಏನು ಪ್ರಯೋಜನ? ಶಿಲ್ಪಿ ಫ್ರಾಂಕ್ ಬೆಂಡರ್ ಆ ಮುಖಕ್ಕೆ ಮುಪ್ಪು ತಂದರು. ಬೋಳಾಗುತ್ತಿರುವ ತಲೆ, ಜೋತುಬಿದ್ದ ಕೆನ್ನೆ, ದಪ್ಪ ಚೌಕಟ್ಟಿನ ಕನ್ನಡಕ ಎಲ್ಲವನ್ನೂ ಊಹಿಸಿ ಎದೆಮಟ್ಟದ ಪ್ರತಿಮೆಯೊಂದನ್ನು ರೂಪಿಸಿದರು. 1989ರ ಮೇ ತಿಂಗಳಲ್ಲಿ ಅದನ್ನು ಕಂಡವರಲ್ಲಿ ಅವನ ಹಿಂದಿನ ನೆರೆಯವರೊಬ್ಬರಿದ್ದರು. ಎರಡು ವಾರಗಳೊಳಗೆ, ಬೇರೆ ಹೆಸರಿನಲ್ಲಿ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದ ಅವನನ್ನು ವರ್ಜೀನಿಯದಲ್ಲಿ ಬಂಧಿಸಲಾಯಿತು. ತಾನು ಅವನಲ್ಲವೆಂದೇ ಅವನು ಸಾಧಿಸಿದನು. ಬೆರಳಚ್ಚು ಅದನ್ನು ಸುಳ್ಳಾಗಿಸಿತು. ಪ್ರತಿಮೆ ದಾರಿ ತೋರಿತ್ತೇ ಹೊರತು ಅದೇ ರುಜುವಾತಾಗಿರಲಿಲ್ಲ.

1996ರಲ್ಲಿ ಕಾರ್ಯಕ್ರಮವನ್ನು ನಿಲ್ಲಿಸಹೊರಟಾಗ ಜನರೂ ರಾಜ್ಯಪಾಲರೂ ಪ್ರತಿಭಟಿಸಿದ್ದರಿಂದ ಅದು ಮತ್ತೆ ಬಂದಿತು. ಅದರ ನೆರವಿನಿಂದ ಸೆರೆಸಿಕ್ಕವರು ಸಾವಿರಕ್ಕೂ ಮಿಕ್ಕಿದರು.

ನಮ್ಮ ದೇಶದಲ್ಲಿ 1998ರಲ್ಲಿ ಜೀ ಟಿ.ವಿ.ಯು ಸುಹೈಬ್ ಇಲ್ಯಾಸಿ ನಡೆಸಿಕೊಟ್ಟ 'ಇಂಡಿಯಾಸ್ ಮೋಸ್ಟ್ ವಾಂಟೆಡ್' ಅನ್ನು ಹಿಂದಿಯಲ್ಲಿ ಬಿತ್ತರಿಸಿತು. ನಟರು ಕೃತ್ಯವನ್ನು ಅಭಿನಯಿಸುವುದು, ನಡುವೆ ಆರೋಪಿಯ ಭಾವಚಿತ್ರ ಮೂಡುವುದು ಇಂಥ ಕಾರ್ಯಕ್ರಮಗಳ ರೀತಿ. ನೋಡುವವರ ಮನಸ್ಸಿನಲ್ಲಿ ಅಭಿನಯವೂ ನಿಜವೂ ಬೆರೆತುಹೋಗುವುದು ಅಸಹಜವಲ್ಲ. ಆರೋಪಿಯು ಇನ್ನೂ ಅಪರಾಧಿಯಲ್ಲವೆಂಬುದು ಮರೆತುಹೋಗುತ್ತದೆ. ಭಾರತದ ನ್ಯಾಯಾಲಯಗಳಲ್ಲಿ ಇದು ಸಣ್ಣ ಮಾತಲ್ಲ. ಗುರುತು ಹಿಡಿಯುವ ಪರೇಡಿಗೆ ಮುನ್ನವೇ ಸಾಕ್ಷಿಯು ಆರೋಪಿಯ ಚಿತ್ರವನ್ನು ಕಂಡಿದ್ದರೆ ಆ ಗುರುತಿನ ಬೆಲೆ ಕುಗ್ಗುತ್ತದೆ. ಅವನು ಬೊಟ್ಟುಮಾಡಿದ್ದು ಕೃತ್ಯದ ದಿನ ಕಂಡ ಮುಖವನ್ನೋ, ಪರದೆಯ ಮೇಲೆ ಕಂಡ ಮುಖವನ್ನೋ ಎಂದು ವಕೀಲರು ಕೇಳುವರು.