ನೇತ್ರವೈದ್ಯರು ಏಕೆ ಸಭೆ ಸೇರುತ್ತಾರೆ?

ವೈದ್ಯನು ರೋಗಿಯ ಬಳಿಯಲ್ಲಿರಬೇಕಾದವನು. ಅಂಥವನು ಕೆಲವು ದಿನಗಳ ಮಟ್ಟಿಗೆ ಆಸ್ಪತ್ರೆಯನ್ನು ಬಿಟ್ಟು, ದೂರದ ಊರಿನಲ್ಲಿ ತನ್ನಂತಹ ನೂರಾರು ವೈದ್ಯರೊಡನೆ ಸಮ್ಮೇಳನದಲ್ಲಿ ಕುಳಿತರೆ ರೋಗಿಗೆ ಏನು ಲಾಭ? ಈ ಪ್ರಶ್ನೆ ಸಹಜವಾದುದೇ. ಘಂಟೆ ಗಣಪತಿಯಿಂದ ಹೆಸರಾದ, ಯಲ್ಲಾಪುರ ತಾಲ್ಲೂಕಿನ ಚಂದಗುಳಿಯಂತಹ ಅಡಿಕೆಯ ಸೀಮೆಯಲ್ಲಿ ದುಡಿಯುವವನೊಬ್ಬನ ಕಣ್ಣನ್ನು ಉದಾಹರಣೆಯಾಗಿ ಇಟ್ಟುಕೊಂಡು ಉತ್ತರವನ್ನು ಹುಡುಕೋಣ.

ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಚಿಕ್ಕ ಕಡ್ಡಿಯೊಂದು ಕಣ್ಣಿಗೆ ತಗುಲಿತೆನ್ನೋಣ. ಕಣ್ಣಿನ ಮುಂಭಾಗದಲ್ಲಿ, ಗಡಿಯಾರಕ್ಕೆ ಗಾಜಿದ್ದಂತೆ, ಕಾರ್ನಿಯಾ ಎಂಬ ಪಾರದರ್ಶಕ ಪಟಲವುಂಟು. ಅದರಲ್ಲಿ ರಕ್ತನಾಳಗಳಿಲ್ಲ, ಬೆಳಕು ಅಡ್ಡಿಯಿಲ್ಲದೆ ಒಳಹೋಗಲು ಇದೂ ಒಂದು ಕಾರಣ. ಆದರೆ ಇದೇ ಗುಣವು ಒಂದು ದೌರ್ಬಲ್ಯವೂ ಹೌದು. ರೋಗಾಣುಗಳೊಡನೆ ಹೋರಾಡುವ ಬಿಳಿಯ ರಕ್ತಕಣಗಳು ದೇಹದ ಬೇರೆಡೆಗೆ ಧಾವಿಸುವಷ್ಟು ಬೇಗ ಇಲ್ಲಿಗೆ ಬರಲಾರವು. ಪಟಲದ ಮೇಲ್ಪದರ ಗೀಚಿಹೋದಾಗ ಬ್ಯಾಕ್ಟೀರಿಯಾಗಳಾಗಲಿ, ಎಲೆಕಡ್ಡಿಗಳ ಮೇಲಿರುವ ಬೂಷ್ಟಿನ ಕಣಗಳಾಗಲಿ ಒಳಹೊಕ್ಕು ಹುಣ್ಣನ್ನುಂಟುಮಾಡಬಹುದು. ಹುಣ್ಣು ಮಾಯ್ದ ಮೇಲೂ ಬಿಳಿಯ ಕಲೆಯು ಉಳಿದುಬಿಡುತ್ತದೆ. ಕಣ್ಣಿಗೆ ಹೂವು ಬಿದ್ದಿದೆಯೆಂದು ಜನರು ಹೇಳುವುದು ಇದನ್ನೇ.

ಈ ಹುಣ್ಣಿಗೆ ಯಾವ ಔಷಧ ಮೇಲು? ಒಬ್ಬ ವೈದ್ಯನು ಒಂದು ಔಷಧವನ್ನು ಕೊಟ್ಟನು, ರೋಗಿಯು ಗುಣಹೊಂದಿದನು. ಗುಣವಾದದ್ದು ಔಷಧದಿಂದಲೋ, ಹುಣ್ಣು ಸೌಮ್ಯವಾಗಿದ್ದುದರಿಂದಲೋ? ಒಬ್ಬನ ಅನುಭವದಿಂದ ಇದನ್ನು ನಿರ್ಣಯಿಸಲಾಗದು. ಹಲವರ ಅನುಭವವನ್ನು ಒಂದೆಡೆ ತಂದು, ಬಲ್ಲವರ ಪ್ರಶ್ನೆಗಳಿಗೆ ಗುರಿಮಾಡಬೇಕು. ಸಮ್ಮೇಳನದ ಉದ್ದೇಶವೇ ಇದು.

ಈ ಪದ್ಧತಿ ಹಳೆಯದು. ೧೮೫೭ರಲ್ಲಿ ಬ್ರಸೆಲ್ಸ್ ನಗರದಲ್ಲಿ ನೇತ್ರವೈದ್ಯರ ಅಂತರರಾಷ್ಟ್ರೀಯ ಸಮ್ಮೇಳನ ಕೂಡಿತು. ಅಲ್ಲಿ ಜರ್ಮನಿಯ ಆಲ್ಬ್ರೆಕ್ಟ್ ಫಾನ್ ಗ್ರೇಫೆ, ಕಣ್ಣಿನ ಬಣ್ಣದ ಪೊರೆಯ ಒಂದು ಚೂರನ್ನು ಕತ್ತರಿಸಿ ತೆಗೆದು ಗ್ಲಾಕೋಮಾ ರೋಗದ ಒತ್ತಡವನ್ನು ಇಳಿಸುವ ಕ್ರಮವನ್ನು ವಿವರಿಸಿದನು. ಅದಕ್ಕೆ ಮುಂಚೆ ಆ ರೋಗದಿಂದ ಬರುವ ಕುರುಡನ್ನು ತಡೆಯುವ ಉಪಾಯವೇ ಇಲ್ಲವೆಂದು ತಿಳಿಯಲಾಗಿತ್ತು. ನಮ್ಮ ದೇಶದಲ್ಲಿ ಅಖಿಲ ಭಾರತ ನೇತ್ರವೈದ್ಯ ಸಂಘವು ೧೯೩೦ರಲ್ಲಿ ಹುಟ್ಟಿತು. ೧೯೬೨ರಲ್ಲಿ ಅಂತರರಾಷ್ಟ್ರೀಯ ಸಮ್ಮೇಳನವೇ ಹೊಸದಿಲ್ಲಿಯಲ್ಲಿ ನೆರೆಯಿತು.

ಸಭೆಯು ಯಾವಾಗಲೂ ಸರಿಯಾದುದನ್ನೇ ನುಡಿಯುವುದೆಂದು ನಾವು ಭಾವಿಸಬಾರದು. ಯುದ್ಧವಿಮಾನಗಳ ಮುಚ್ಚಳದ ಅಕ್ರಿಲಿಕ್ ಚೂರುಗಳು ಚಾಲಕರ ಕಣ್ಣಿನಲ್ಲಿ ಉಳಿದರೂ ಹೆಚ್ಚು ಕೆರಳಿಕೆಯನ್ನುಂಟುಮಾಡದಿದ್ದುದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲಿ ಗಮನಿಸಿದ್ದನು. ೧೯೪೯ರಲ್ಲಿ, ಪೊರೆಬಂದ ಮಸೂರವನ್ನು ತೆಗೆದ ಕಣ್ಣಿಗೆ ಅದೇ ಜಾತಿಯ ವಸ್ತುವಿನಿಂದ ಮಾಡಿದ ಮಸೂರವನ್ನು ಅವನು ಅಳವಡಿಸಿದನು. ೧೯೫೧ರ ಆಕ್ಸ್‌ಫರ್ಡ್ ಸಮ್ಮೇಳನದಲ್ಲಿ ಇದನ್ನು ತಿಳಿಸಿದಾಗ ದೊರೆತದ್ದು ಪ್ರಶಂಸೆಯಲ್ಲ, ವಿರೋಧ. ಕಣ್ಣಿನಿಂದ ಹೊರವಸ್ತುವನ್ನು ತೆಗೆಯುವುದು ವೈದ್ಯಧರ್ಮ, ಒಳಗಿಡುವುದಲ್ಲವೆಂಬುದು ವಿರೋಧಿಗಳ ವಾದ. ಆರಂಭದ ಶಸ್ತ್ರಕ್ರಿಯೆಗಳಲ್ಲಿ ತೊಡಕುಗಳೂ ಇದ್ದವು. ಆದುದರಿಂದ ಆ ಶಂಕೆ ನಿರಾಧಾರವೇನಲ್ಲ. ಮಸೂರವೂ ಶಸ್ತ್ರಕ್ರಿಯೆಯೂ ಸುಧಾರಿಸಿದಂತೆ ಶಂಕೆ ಅಳಿಯಿತು. ಇಂದು ಪೊರೆ ತೆಗೆದ ಕಣ್ಣಿಗೆ ಕೃತಕ ಮಸೂರವನ್ನಿಡುವುದು ಸಾಮಾನ್ಯ ಕ್ರಮ. ಕೊನೆಗೆ ತೀರ್ಪು ಕೊಟ್ಟದ್ದು ಹಿರಿಯರ ಮಾತಲ್ಲ, ಪರಿಣಾಮಗಳ ಲೆಕ್ಕ.

ಕಡ್ಡಿ ತಗುಲಿದ ಕಣ್ಣಿಗೂ ಇಂತಹ ಲೆಕ್ಕವೇ ನೆರವಾಯಿತು. ಬೂಷ್ಟಿನ ಹುಣ್ಣಿಗೆ ಹೊಸ ಔಷಧವಾದ ವೊರಿಕೊನಜೋಲ್ ಮೇಲೋ, ಹಳೆಯ ನಾಟಮೈಸಿನ್ ಮೇಲೋ ಎಂಬ ಚರ್ಚೆಯಿತ್ತು. ದಕ್ಷಿಣ ಭಾರತದಲ್ಲಿ ೩೨೩ ರೋಗಿಗಳ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಗೆದ್ದದ್ದು ಹಳೆಯದೇ! ಬ್ಯಾಕ್ಟೀರಿಯಾದ ಹುಣ್ಣಿಗೆ ಬೇರೆ ಔಷಧ ಬೇಕು. ಆದುದರಿಂದ ವೈದ್ಯರು ಹುಣ್ಣನ್ನು ಮೆಲ್ಲನೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ.

ನೇಪಾಳದ ಭಕ್ತಪುರದಿಂದ ೨೦೦೧ರಲ್ಲಿ ಬಂದ ವರದಿ ಇನ್ನೂ ಬೋಧಪ್ರದವಾಗಿದೆ. ಅಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಗೀಚುಗಾಯವಾದ ಕಣ್ಣಿಗೆ ಕ್ಲೋರಾಂಫೆನಿಕಾಲ್ ಮುಲಾಮನ್ನು ಮೂರು ದಿನ ಹಚ್ಚಿದರು. ಗಾಯವಾದ ೧೮ ಗಂಟೆಗಳೊಳಗೆ ಚಿಕಿತ್ಸೆ ಆರಂಭವಾದ ೨೮೪ ಮಂದಿಯಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. ಒಂದು ದಿನ ಕಳೆದು, ಎರಡು ದಿನಗಳೊಳಗೆ ಬಂದ ೪೯ ಮಂದಿಯಲ್ಲಿ ೧೪ ಮಂದಿಗೆ ಹುಣ್ಣಾಯಿತು.

ಬೆಟ್ಟ, ತೋಟಗಳ ನಡುವೆ ದೂರದೂರ ಮನೆಗಳಿರುವ ಸೀಮೆಯಲ್ಲಿ ಈ ಅಂಕಿಗಳ ಅರ್ಥ ಸ್ಪಷ್ಟವಾಗಿದೆ. ಕಡ್ಡಿ ತಗುಲಿದ ಕಣ್ಣನ್ನು ಉಜ್ಜಬಾರದು. ಎಲೆಯ ರಸವನ್ನಾಗಲಿ, ಎದೆಹಾಲನ್ನಾಗಲಿ ಹಾಕಬಾರದು. ಅಂಗಡಿಯಿಂದ ತಾನಾಗಿ ತಂದ ಸ್ಟೆರಾಯ್ಡ್ ಹನಿಗಳು ಬೂಷ್ಟಿಗೆ ಇಂಬು ಕೊಡುತ್ತವೆ. ನೋವು ತಾನೇ ಇಳಿದೀತೆಂದು ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಮ್ಮೇಳನದಲ್ಲಿ ಒರೆಗೆ ಹಚ್ಚಿದ ಜ್ಞಾನವು ಸೊಪ್ಪಿನ ಬೆಟ್ಟದವರೆಗೆ ಬಂದಾಗಲೇ ಸಾರ್ಥಕ. ಅದನ್ನು ಮನೆಯ ಹಿರಿಯರಿಗೆ ತಿಳಿಸುವ ಕೆಲಸವನ್ನು ವಿದ್ಯಾರ್ಥಿಗಳು ಇಂದೇ ಮಾಡಬಹುದು.