ಗಾಳಿಸುದ್ದಿ: ಹೂ ಬಿಡುವ ಮುನ್ನವೇ ಹತೋಟಿ

2020ರ ಮಾರ್ಚ್ ತಿಂಗಳಲ್ಲಿ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಕೋಳಿ ಸಾಕಣೆದಾರರೊಬ್ಬರು ಸಾವಿರಾರು ಕೋಳಿಗಳನ್ನು ಜೀವಂತವಾಗಿ ಗುಂಡಿಯಲ್ಲಿ ಹೂಳಿದರು. ಹೂಳಿಸಿದ್ದು ರೋಗವಲ್ಲ, ಸುದ್ದಿ. ಕೋಳಿಮಾಂಸ ತಿಂದರೆ ಕೊರೊನಾ ಬರುತ್ತದೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಡಿ, ಬೆಲೆಯು ಸಾಕಣೆಯ ಖರ್ಚಿಗಿಂತ ಕೆಳಗಿಳಿದಿತ್ತು. ಕೋಳಿಯಿಂದ ಈ ಸೋಂಕು ಹರಡುವುದಿಲ್ಲವೆಂದು ಕೇಂದ್ರ ಪಶುಸಂಗೋಪನಾ ಇಲಾಖೆ ತಿಳಿಸಿದರೂ ಕೊಳ್ಳುವವರ ಭಯ ಬೇಗ ಹೋಗಲಿಲ್ಲ.

ನಂಬಿಕೆ ಬೇರೂರುವುದು ಹೇಗೆ?

ಇಂತಹ ಸುದ್ದಿ ನಂಬುವವರೆಲ್ಲ ದಡ್ಡರೆಂದು ತಿಳಿಯಬಾರದು. ಮನಸ್ಸಿನ ಸಹಜ ಗುಣಗಳೇ ಇದಕ್ಕೆ ಕಾರಣ.

ಪುನರಾವರ್ತನೆ: 1977ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಹ್ಯಾಶರ್, ಗೋಲ್ಡ್‌ಸ್ಟೀನ್ ಮತ್ತು ಟೊಪ್ಪಿನೊ ಅವರು ವಿದ್ಯಾರ್ಥಿಗಳಿಗೆ ಕೆಲವು ಹೇಳಿಕೆಗಳನ್ನು ಎರಡೆರಡು ವಾರಗಳ ಅಂತರದಲ್ಲಿ ಮೂರು ಸಲ ಕೇಳಿಸಿದರು. ಮತ್ತೆ ಮತ್ತೆ ಕೇಳಿದ ಹೇಳಿಕೆಯು, ಸತ್ಯವಿರಲಿ ಸುಳ್ಳಿರಲಿ, ಹೆಚ್ಚು ನಿಜವೆನಿಸುತ್ತಾ ಹೋಯಿತು.

ಭಯ: ಅಪಾಯದ ಸುದ್ದಿಗೆ ಮನಸ್ಸು ಬೇಗ ಕಿವಿಗೊಡುತ್ತದೆ.

ಕಾರಣದ ಹುಡುಕಾಟ: ದೊಡ್ಡ ನಷ್ಟವಾದಾಗ ಯಾರದೋ ಕೈವಾಡವಿರಬೇಕು ಎನಿಸುತ್ತದೆ. ಟೊಮೆಟೊ ಗಿಡ ಬಾಡಿದಾಗ, ಬೇರು ಕಿತ್ತು ಗಂಟುಗಳಿವೆಯೇ ಎಂದು ನೋಡುವ ಮೊದಲೇ ಬೀಜ ಮಾರಿದವನನ್ನು ದೂರುವುದುಂಟು.

ಹೇಳಿದವರ ಮೇಲಿನ ವಿಶ್ವಾಸ: ನೆಂಟರು ಕಳುಹಿಸಿದ ಸುದ್ದಿಯನ್ನು ಪರೀಕ್ಷಿಸಲು ಸಂಕೋಚವಾಗುತ್ತದೆ.

ಹತೋಟಿ ಕ್ರಮಗಳು

ಪಾರ್ಥೇನಿಯಂ ಕಳೆಯನ್ನು ಹೂ ಬಿಡುವ ಮುನ್ನವೇ ಕೀಳಬೇಕು. ಬೀಜ ಉದುರಿದ ಮೇಲೆ ಶ್ರಮ ಹೆಚ್ಚು, ಫಲ ಕಡಿಮೆ. ಗಾಳಿಸುದ್ದಿಗೂ ಇದೇ ನಿಯಮ.

1. ಭಯ ಅಥವಾ ಸಿಟ್ಟು ಹುಟ್ಟಿಸುವ ಸುದ್ದಿಯನ್ನು ಬಂದೊಡನೆ ಮುಂದಕ್ಕೆ ಕಳುಹಿಸಬಾರದು.

2. ವಾಟ್ಸಾಪ್ ಸುದ್ದಿಯ ಮೇಲೆ ಜೋಡಿ ಬಾಣದ ಗುರುತಿದ್ದರೆ ಅದು ಹಲವು ಕೈ ದಾಟಿ ಬಂದುದು. ಮೊದಲು ಹೇಳಿದವರು ಯಾರು, ಯಾವಾಗ ಎಂದು ವಿಚಾರಿಸಬೇಕು.

3. ಹತ್ತು ಜನ ಹೇಳಿದರೂ ಮೂಲ ಒಂದೇ ಆಗಿದ್ದರೆ ಅದನ್ನು ಒಂದೇ ಸಾಕ್ಷಿಯೆಂದು ಎಣಿಸಬೇಕು.

4. ರೋಗ, ಔಷಧಿ, ಬೀಜದ ವಿಷಯವಾದರೆ ಪಶುವೈದ್ಯರನ್ನು, ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಬೇಕು.

5. ತಪ್ಪನ್ನು ತಿದ್ದುವಾಗ ಸುಳ್ಳನ್ನೇ ಪದೇ ಪದೇ ಹೇಳದೆ, ನಿಜವನ್ನು ಮೊದಲು ಹೇಳಬೇಕು. ನಂಬಿದವರನ್ನು ನಾಲ್ಕು ಜನರೆದುರು ಹೀಯಾಳಿಸಿದರೆ ಅವರ ಹಟವೇ ಬಲಿಯುತ್ತದೆ.

ರೈತ ಬಾಂಧವರೇ, ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮದೇ. ವಿಜ್ಞಾನಿಗಳ ಮಾತನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಹೊಸ ತಳಿಯನ್ನು ಮೊದಲು ನಾಲ್ಕು ಗುಂಟೆಯಲ್ಲಿ ಬೆಳೆದು ನೋಡುವ ನಿಮಗೆ ಈ ವಿವೇಕ ಹೊಸದಲ್ಲ. ಅದನ್ನೇ ಸುದ್ದಿಗೂ ಬಳಸಿದರೆ, ಮುಂದೊಮ್ಮೆ ಇಂತಹ ವದಂತಿ ಹಬ್ಬಿದಾಗ ನೆರೆಯವರ ದುಡಿಮೆ ಮಣ್ಣುಪಾಲಾಗುವುದು ತಪ್ಪೀತು.