ಪರಮಾಣು ಸ್ಥಾವರಗಳಲ್ಲಿ ವಿಕಿರಣಶೀಲ ಇಂಗಾಲದ ಉತ್ಪತ್ತಿ

ಹೈದರಾಬಾದಿನಲ್ಲಿ 1971ರಲ್ಲಿ ಸ್ಥಾಪಿತವಾದ ಪರಮಾಣು ಇಂಧನ ಸಂಕೀರ್ಣವು ದೇಶದ ಭಾರಜಲ ಸ್ಥಾವರಗಳಿಗೆ ಇಂಧನವನ್ನು ಸಿದ್ಧಪಡಿಸುತ್ತದೆ. ಕರ್ನಾಟಕದ ಕೈಗಾ ಸ್ಥಾವರದ ಇಂಧನವೂ ಅಲ್ಲಿಯದೇ. ಯುರೇನಿಯಂ ಡೈಆಕ್ಸೈಡಿನ ಬಿಲ್ಲೆಗಳನ್ನು ಜಿರ್ಕೋನಿಯಂ ಮಿಶ್ರಲೋಹದ ನಳಿಕೆಗಳಲ್ಲಿ ತುಂಬಿ, ಅಂತಹ 19 ನಳಿಕೆಗಳನ್ನು ಜೋಡಿಸಿದಾಗ ಅರ್ಧ ಮೀಟರ್ ಉದ್ದದ ಒಂದು ಕಂತೆಯಾಗುತ್ತದೆ. ಈ ತಯಾರಿಕೆಯಲ್ಲಿ ಸಾರಜನಕದ ಅಂಶವನ್ನು ಅತ್ಯಲ್ಪ ಮಿತಿಯೊಳಗೆ ಇರಿಸಬೇಕು. ಲೋಹದ ಬಾಳಿಕೆಗಷ್ಟೇ ಅಲ್ಲದೆ, ಇಂಗಾಲ-14ರ ಉತ್ಪತ್ತಿಯನ್ನು ತಗ್ಗಿಸಲೂ ಇದು ಅಗತ್ಯ.

ಇಂಗಾಲ-14 ಎಂದರೇನು?

ಇದು ಇಂಗಾಲದ ವಿಕಿರಣಶೀಲ ಸಮಸ್ಥಾನಿ. ಇದರ ಅರ್ಧಾಯುಷ್ಯ ಸುಮಾರು 5,730 ವರ್ಷ. ವಿಶ್ವಕಿರಣಗಳಿಂದ ಜನಿಸಿದ ನ್ಯೂಟ್ರಾನ್ ಒಂದನ್ನು ವಾಯುಮಂಡಲದ ಸಾರಜನಕವು ಹೀರಿಕೊಂಡು ಪ್ರೋಟಾನನ್ನು ಹೊರಹಾಕಿದಾಗ ಇದು ಉಂಟಾಗುತ್ತದೆ. ಆದ್ದರಿಂದ ಸಕಲ ಜೀವಿಗಳಲ್ಲಿಯೂ ಇದು ಸಹಜವಾಗಿಯೇ ಇರುತ್ತದೆ. ಇದು ಸೂಸುವ ಬೀಟಾ ಕಿರಣಗಳು ದುರ್ಬಲವಾದವು. ಆದರೆ ಸಸ್ಯಗಳು ಗಾಳಿಯಿಂದ ಹೀರಿದ ಇಂಗಾಲವು ಆಹಾರದ ಮೂಲಕ ಮನುಷ್ಯನ ದೇಹವನ್ನು ಸೇರುವುದರಿಂದ ಇದರ ಪ್ರಮಾಣದ ಮೇಲೆ ನಿಗಾ ಅವಶ್ಯಕ.

ಸ್ಥಾವರದಲ್ಲಿ ಉತ್ಪತ್ತಿ

ಆಕಾಶದಲ್ಲಿ ನಡೆಯುವ ಈ ಕ್ರಿಯೆಯೇ ಇಂಧನದಲ್ಲಿ ಉಳಿದ ಸಾರಜನಕದಲ್ಲಿಯೂ ನಡೆಯುತ್ತದೆ. ಆದರೆ ಭಾರಜಲ ಸ್ಥಾವರಗಳಲ್ಲಿ ಇಂಗಾಲ-14ರ ಮುಖ್ಯ ಮೂಲ ಇಂಧನವಲ್ಲ, ಮಂದಕವಾಗಿ ಬಳಸುವ ಭಾರಜಲ. ನಿಸರ್ಗದ ಆಮ್ಲಜನಕದ 10,000 ಪರಮಾಣುಗಳಲ್ಲಿ ಸುಮಾರು 4 ಪರಮಾಣುಗಳು ಆಮ್ಲಜನಕ-17. ಇದು ನ್ಯೂಟ್ರಾನನ್ನು ಹೀರಿ ಆಲ್ಫಾ ಕಣವನ್ನು ಹೊರಹಾಕಿದರೆ ಇಂಗಾಲ-14 ಆಗುತ್ತದೆ. ಇಂಧನದ ಕಲ್ಮಶವನ್ನು ಕಡಿಮೆ ಮಾಡಬಹುದು. ನೀರಿನಿಂದ ಆಮ್ಲಜನಕವನ್ನು ತೆಗೆಯಲಾಗದು.

ನಿಯಂತ್ರಣ ಮತ್ತು ನಿಗಾ

ಭಾರಜಲದಲ್ಲಿ ಕಾರ್ಬೋನೇಟ್ ರೂಪದಲ್ಲಿ ಕರಗಿರುವ ಇಂಗಾಲವನ್ನು ಅಯಾನು ವಿನಿಮಯ ರಾಳಗಳು ಹಿಡಿದಿಡುತ್ತವೆ. ಬಳಸಿದ ರಾಳಗಳನ್ನು ವಿಕಿರಣಶೀಲ ತ್ಯಾಜ್ಯವಾಗಿ ಪರಿಗಣಿಸಲಾಗುತ್ತದೆ. ಅಲ್ಪಾಂಶವು ಅನಿಲರೂಪದಲ್ಲಿ ಚಿಮಣಿಯಿಂದ ಹೊರಬೀಳುತ್ತದೆ. ಇಂಧನದೊಳಗಿನ ಇಂಗಾಲ-14 ಬಹುಮಟ್ಟಿಗೆ ಅಲ್ಲಿಯೇ ಉಳಿದು, ಮರುಸಂಸ್ಕರಣೆಗಾಗಿ ಇಂಧನವನ್ನು ಆಮ್ಲದಲ್ಲಿ ಕರಗಿಸುವಾಗ ಬಿಡುಗಡೆಯಾಗಬಲ್ಲದು. ಹೈದರಾಬಾದಿನಲ್ಲಿ ಪಾಲಿಸಿದ ಶುದ್ಧತೆಯ ಫಲ ಆಗ ದೊರೆಯುತ್ತದೆ.

ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರು ಕೈಗಾ ಸುತ್ತಲಿನ ಸಸ್ಯಗಳಲ್ಲಿ ಇಂಗಾಲ-14ನ್ನು ಅಳೆದಿದ್ದಾರೆ. ಸ್ಥಾವರದ ಸಮೀಪದಲ್ಲಿ ಅದು ಸಹಜ ಮಟ್ಟಕ್ಕಿಂತ ತುಸು ಹೆಚ್ಚಿದ್ದು, ದೂರ ಸರಿದಂತೆ ಕಡಿಮೆಯಾಗುವುದು ಕಂಡುಬಂದಿದೆ. ಪ್ರಮಾಣ ಅಲ್ಪವೆಂದು ಉಪೇಕ್ಷಿಸುವಂತಿಲ್ಲ. ಹೆಸರು ಕೇಳಿ ಭಯಪಡಬೇಕಾಗಿಯೂ ಇಲ್ಲ. ಸ್ಥಾವರದ ಆಯುಷ್ಯ ಕೆಲವು ದಶಕಗಳು, ಈ ಇಂಗಾಲದ ಆಯುಷ್ಯ ಸಹಸ್ರಾರು ವರ್ಷಗಳು. ಎಂತಲೇ ನಿರಂತರ ಮಾಪನವು ಮುಂದಿನ ಪೀಳಿಗೆಗಳಿಗೂ ಸಲ್ಲಬೇಕಾದ ಕರ್ತವ್ಯವಾಗಿದೆ.